ಹೋಮ್ ಲೋನ್ ರಿಜೆಕ್ಟ್ ಆಯ್ತಾ? ಡಿಸ್‌ಪ್ಯೂಟ್ ಹಾಕೋದಾ, ಬೇರೆ ಕಡೆ ಅಪ್ಲೈ ಮಾಡೋದಾ, ಸುಮ್ನೆ ಕಾಯೋದಾ

ನಲವತ್ತು ಲಕ್ಷದ ಹೋಮ್ ಲೋನ್ ನಂದು ನಿಂತೋಗಿದ್ದು ಒಂದು ಕ್ರೆಡಿಟ್ ಕಾರ್ಡಿನ ವಾರ್ಷಿಕ ಫೀ ಮೇಲೆ. ಆ ಕಾರ್ಡ್ ನಾನು ಒಂದ್ ಸಲಾನೂ ಉಜ್ಜಿಲ್ಲ. ಆಫೀಸ್ ಕ್ಯಾಂಟೀನ್ ಹತ್ರ ಟೇಬಲ್ ಹಾಕ್ಕೊಂಡು ಕೂತಿದ್ದ ಹುಡುಗ "ಸಾರ್ ಲೈಫ್‌ಟೈಮ್ ಫ್ರೀ" ಅಂದ, ಸೈನ್ ಹಾಕ್ದೆ, ಕಾರ್ಡ್ ಬಂತು, ಬೀರುನಲ್ಲಿಟ್ಟು ಮರ್ತೆ. ಆಮೇಲೆ ಮನೆ ಬದಲಾಯ್ತು, ಫೋನ್ ನಂಬರ್ ಬದಲಾಯ್ತು, ಅಲ್ಲಿ ಫೀ ಬಿತ್ತು, ಫೀ ಮೇಲೆ ಲೇಟ್ ಫೀ, ಅದರ ಮೇಲೆ ಬಡ್ಡಿ, ಬಡ್ಡಿ ಮೇಲೆ ಜಿಎಸ್‌ಟಿ, ಕೊನೆಗೆ ಬ್ಯಾಂಕಿನೋರು "ರಿಟನ್ ಆಫ್", ಅಂದ್ರೆ ಇದು ವಸೂಲಾಗಲ್ಲ, ಅಂತ ಬರ್ದು ಕೈ ತೊಳ್ಕೊಂಡ್ರು. ನನಗೆ ಇದೆಲ್ಲ ಗೊತ್ತಾಗಿದ್ದು ಸೇಲ್ ಅಗ್ರಿಮೆಂಟ್ ಮಾಡ್ಕೊಂಡು ಅಡ್ವಾನ್ಸ್ ಕೊಟ್ಟಾದ್ಮೇಲೆ.

ಆವಾಗ ನಾನು ಮಾಡಿದ್ದು ಎರಡು ದಡ್ಡತನ. ಒಂದು, ಸಿಟ್ಟಿನಲ್ಲಿ ಎರಡೇ ವಾರದಲ್ಲಿ ಇನ್ನೂ ಮೂರು ಕಡೆ ಅಪ್ಲೈ ಮಾಡ್ದೆ. ಎರಡು, ಕ್ರೆಡಿಟ್ ರಿಪೋರ್ಟ್‌ನಲ್ಲಿ (ನಮ್ ಸಾಲ, ಕಾರ್ಡು, ಕಂತುಗಳ ಲೆಕ್ಕ ಇರೋ ಪಟ್ಟಿ) ಇದ್ದಿದ್ದು ಲೆಕ್ಕದ ಪ್ರಕಾರ ನಿಜಾನೇ ಆಗಿದ್ರೂ ಅದರ ಮೇಲೆ ಡಿಸ್‌ಪ್ಯೂಟ್, ಅಂದ್ರೆ ಇದು ತಪ್ಪು, ತಿದ್ದಿ ಅನ್ನೋ ತಕರಾರು ಹಾಕಿ ಒಂದ್ ತಿಂಗಳು ಕಾಯ್ದೆ, ಬಂದ ಉತ್ತರ ಏನಂದ್ರೆ ಬ್ಯಾಂಕು ಮಾಹಿತಿ ಸರಿ ಇದೆ ಅಂತ ಹೇಳಿದೆ, ಏನೂ ಬದಲಾಗಲ್ಲ ಅಂತ. ನಮ್ ಭಾವಮೈದಂದು ಉಲ್ಟಾ ಕೇಸು, ಅವನ ರಿಪೋರ್ಟ್‌ನಲ್ಲಿ ಅವನದೇ ಹೆಸರಿನ ಬೇರೆ ಯಾರದ್ದೋ ಟೂವೀಲರ್ ಲೋನ್ ಕೂತಿತ್ತು, ಅವನು ಡಿಸ್‌ಪ್ಯೂಟ್ ಹಾಕೋದು ಬಿಟ್ಟು ಸ್ಕೋರ್ ಏರಲಿ ಅಂತ ಎಂಟು ತಿಂಗಳು ಕಾಯ್ಕೊಂಡು ಕೂತಿದ್ದ. ನಾನು ಕಾಯ್ಬೇಕಿತ್ತು, ಅವನು ಜಗಳ ಆಡ್ಬೇಕಿತ್ತು. ಅದಕ್ಕೇ ದಾರಿಗಳನ್ನ ಒಂದಕ್ಕೊಂದು ಪಕ್ಕ ಇಟ್ಟು ಹೋಲಿಸಿ ಬರೀತಿದೀನಿ.

ಮೊದಲು ಯಾಕೆ ರಿಜೆಕ್ಟ್ ಆಯ್ತು ಅನ್ನೋದು ಕೈಗೆ ಬರ್ಬೇಕು

"ಸಿಬಿಲ್ ಪ್ರಾಬ್ಲಮ್ ಸಾರ್" ಅಂತ ಏಜೆಂಟ್ ಫೋನಲ್ಲಿ ಹೇಳಿದ್ದು ಕಾರಣ ಅಲ್ಲ. ಲೋನ್ ರಿಜೆಕ್ಟ್ ಮಾಡಿದ್ರೆ ಮುಖ್ಯ ಕಾರಣ ಏನು ಅಂತ ಬರವಣಿಗೆಯಲ್ಲಿ ತಿಳಿಸ್ಬೇಕು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ, ಮೊದ್ಲು ಎರಡು ಲಕ್ಷದೊಳಗಿನ ಸಣ್ಣ ಸಾಲಗಳಿಗೆ ಮಾತ್ರ ಇದ್ದ ಈ ನಿಯಮಾನ 2007ರಲ್ಲಿ ಎಲ್ಲಾ ಥರದ ಸಾಲಕ್ಕೂ ಮಾಡಿದ್ರು. ಬ್ರಾಂಚಿಗೆ ಒಂದು ಈಮೇಲ್ ಹಾಕಿ ಕೇಳಿ. ಎಷ್ಟೋ ಸಲ ಕಾರಣ ಸಿಬಿಲ್ ಆಗಿರೋದೇ ಇಲ್ಲ, ಪ್ರಾಪರ್ಟಿ ಪೇಪರ್ ಬ್ಯಾಂಕಿನ ಲೀಗಲ್ ಪರಿಶೀಲನೆಯಲ್ಲಿ ಫೇಲ್ ಆಗಿರುತ್ತೆ, ಹಂಗಾದ್ರೆ ನಿಮ್ ಸ್ಕೋರ್ 850 ಇದ್ರೂ ಅಷ್ಟೇ, ಈ ಬರಹ ಇಲ್ಲಿಗೇ ಬಿಟ್ಟು ವಕೀಲರ ಹತ್ರ ಹೋಗಿ.

ಆಮೇಲೆ ರಿಪೋರ್ಟ್. ನಮ್ ದೇಶದಲ್ಲಿ ಎಲ್ಲರ ಸಾಲದ ಲೆಕ್ಕ ಇಟ್ಟು ರಿಪೋರ್ಟ್, ಸ್ಕೋರ್ ಕೊಡೋ ಕ್ರೆಡಿಟ್ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ನಾವು ಎಲ್ಲದಕ್ಕೂ ಸಿಬಿಲ್ ಅಂತೀವಿ, ಜೆರಾಕ್ಸ್ ಅನ್ನೋ ಹಂಗೆ. ನಾಲ್ಕೂ ಕಂಪನಿ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಕೊಡ್ಲೇಬೇಕು, 2017ರಿಂದ ಇರೋ ನಿಯಮ, ಅಂದ್ರೆ ದುಡ್ಡು ಕೊಡದೇನೇ ವರ್ಷಕ್ಕೆ ನಾಲ್ಕು ರಿಪೋರ್ಟ್ ತಗೋಬಹುದು. ಫೋನಿನ ಆಪ್‌ಗಳಲ್ಲಿ ಗಾಡಿ ಸ್ಪೀಡೋಮೀಟರ್ ಥರ ಮುಳ್ಳು ತೋರ್ಸಿ "ನಿಮ್ಮ ಸ್ಕೋರ್ 742" ಅನ್ನುತ್ತಲ್ಲ, ಅಷ್ಟು ಸಾಕಾಗಲ್ಲ, ಪೂರ್ತಿ ರಿಪೋರ್ಟ್ ಬೇಕು, ಆಯಾ ಕಂಪನಿ ವೆಬ್‌ಸೈಟಿಂದಲೇ ತೆಗೀರಿ. ನಮ್ದು ನಾವೇ ನೋಡ್ಕೊಂಡ್ರೆ ಸ್ಕೋರ್ ಇಳಿಯಲ್ಲ, ಬ್ಯಾಂಕಿನೋರು ಲೋನಿಗೋಸ್ಕರ ತೆಗೆದ್ರೆ ಅದು ಎನ್‌ಕ್ವೈರಿ ಅಂತ ಬೀಳುತ್ತೆ. ನನ್ ರಿಪೋರ್ಟ್‌ನಲ್ಲಿ ಎರಡು ವಾರಕ್ಕೆ ನಾಲ್ಕು ಎನ್‌ಕ್ವೈರಿ ಸಾಲಾಗಿ ಕೂತಿದ್ವು, ಐದನೇ ಬ್ಯಾಂಕಿನ ಮ್ಯಾನೇಜರ್ ಅದನ್ನ ನೋಡಿ "ಏನ್ ಸಾರ್ ಅಷ್ಟೊಂದು ಅರ್ಜೆಂಟಾ" ಅಂದ್ರು.

ಓದುವಾಗ ಸ್ಕೋರ್ ನೋಡೋಕೆ ಮುಂಚೆ ನೋಡ್ಬೇಕಾದ್ದು ಅಕೌಂಟ್‌ಗಳ ಪಟ್ಟಿ. ಎಲ್ಲಾ ನಿಮ್ಮವೇನಾ? ಮುಗಿದ ಸಾಲ ಇನ್ನೂ ಓಪನ್ ಅಂತ ಇದ್ಯಾ? ಪ್ರತಿ ಅಕೌಂಟ್ ಕೆಳಗೆ ತಿಂಗಳು ತಿಂಗಳಿಗೆ ಡಿಪಿಡಿ ಅಂತ ಸಣ್ಣ ಬಾಕ್ಸ್‌ಗಳಿರುತ್ವೆ, ಕಂತು ಎಷ್ಟು ದಿನ ತಡ ಆಯ್ತು ಅನ್ನೋ ಲೆಕ್ಕ, 36 ತಿಂಗಳದ್ದು. ಸೊನ್ನೆ ಇದ್ರೆ ಒಳ್ಳೇದು, 30 ಅಂದ್ರೆ ಬ್ಯಾಂಕಿನೋರು ಹುಬ್ಬು ಏರಿಸ್ತಾರೆ, 90 ದಾಟಿದ್ರೆ ಅದು ಎನ್‌ಪಿಎ, ಅಂದ್ರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಇನ್ನು "ಸೆಟಲ್ಡ್", "ರಿಟನ್ ಆಫ್" ಅನ್ನೋ ಪದಗಳು ಎಲ್ಲಾದ್ರೂ ಇವೆಯಾ ಹುಡುಕಿ. ಯಾರಿಗಾದ್ರೂ ಶೂರಿಟಿ ಹಾಕಿದ್ರೆ ಅದೂ ನಿಮ್ ರಿಪೋರ್ಟ್‌ನಲ್ಲಿ ಇರುತ್ತೆ, ಅವ್ರು ಕಟ್ಟದಿದ್ದಾಗ ಏಟು ನಿಮಗೂ ಬೀಳುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಇಷ್ಟಾದ್ಮೇಲೆ ಪ್ರಶ್ನೆ ಒಂದೇ. ರಿಪೋರ್ಟ್‌ನಲ್ಲಿರೋ ಕೆಟ್ಟ ವಿಷಯ ಸುಳ್ಳಾ, ನಿಜಾನಾ? ಯಾವ ದಾರಿ ಅನ್ನೋದು ಇದರ ಮೇಲೇ ನಿಂತಿರೋದು.

ಸುಳ್ಳಾಗಿದ್ರೆ: ಡಿಸ್‌ಪ್ಯೂಟ್, ಬೇರೆ ಯೋಚನೆನೇ ಬೇಡ

ಡಿಸ್‌ಪ್ಯೂಟ್ ಹಾಕೋಕೆ ಒಂದ್ ರೂಪಾಯಿ ಖರ್ಚಿಲ್ಲ. ರಿಪೋರ್ಟ್ ಮೇಲೆ ಕಂಟ್ರೋಲ್ ನಂಬರ್ ಇರುತ್ತೆ, ಲಾಗಿನ್ ಆಗಿ ಯಾವ ಅಕೌಂಟ್, ಯಾವ ಸಾಲು ತಪ್ಪು ಅಂತ ಹೇಳಿ ಕಳ್ಸೋದು. ಆದ್ರೆ ಒಂದು ಅರ್ಥ ಮಾಡ್ಕೊಳ್ಳಿ, ಸಿಬಿಲ್ ತಾನಾಗೇ ಏನನ್ನೂ ತಿದ್ದಲ್ಲ, ಸಾಲ ಕೊಟ್ಟ ಬ್ಯಾಂಕನ್ನ ಕೇಳುತ್ತೆ, ಅವ್ರು ಹೂಂ ಅಂದ್ರೆ ಬದಲಾಗುತ್ತೆ, ಉಹೂಂ ಅಂದ್ರೆ ಇಲ್ಲ. ಅದಕ್ಕೆ ಒಂದೇ ದಿನ ಎರಡೂ ಕಡೆ ಬರೀರಿ, ಸಿಬಿಲ್‌ಗೂ ಹಾಕಿ, ಆ ಬ್ಯಾಂಕಿನಲ್ಲಿ ದೂರು ನೋಡ್ಕೊಳ್ಳೋ ನೋಡಲ್ ಆಫೀಸರ್‌ಗೂ ಈಮೇಲ್ ಹಾಕಿ, ಜೊತೆಗೆ ಎನ್‌ಒಸಿ (ಸಾಲ ಮುಗಿದಿದೆ ಅನ್ನೋ ಪತ್ರ), ಸ್ಟೇಟ್‌ಮೆಂಟ್, ಏನಿದೆಯೋ ಅದು.

30 ದಿನದೊಳಗೆ ಸರಿ ಮಾಡ್ಲಿಲ್ಲ ಅಂದ್ರೆ ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಲೆಕ್ಕದಲ್ಲಿ ನಿಮಗೇ ಪರಿಹಾರ ಕೊಡ್ಬೇಕು. ಆರ್‌ಬಿಐ ಇದನ್ನ ಅಕ್ಟೋಬರ್ 2023ರಲ್ಲಿ ಹೇಳಿ ಏಪ್ರಿಲ್ 2024ರಿಂದ ಜಾರಿಗೆ ತಂದಿದೆ. ಬ್ಯಾಂಕಿಗೆ 21 ದಿನ ಟೈಮು, ಅವ್ರು ಅಷ್ಟರಲ್ಲಿ ಸರಿಯಾದ ಮಾಹಿತಿ ಕಳ್ಸದಿದ್ರೆ ದಂಡ ಬ್ಯಾಂಕಿಂದು, ಅವ್ರು ಕಳ್ಸಿಯೂ ಕ್ರೆಡಿಟ್ ಕಂಪನಿ ಕೂತ್ಕೊಂಡ್ರೆ ದಂಡ ಆ ಕಂಪನಿದು. ನೂರು ರೂಪಾಯಿಗೆ ಯಾರೂ ಶ್ರೀಮಂತರಾಗಲ್ಲ ಬಿಡಿ, ಆದ್ರೆ ಈಮೇಲ್‌ನಲ್ಲಿ ಈ ನಿಯಮ ಉಲ್ಲೇಖ ಮಾಡಿದ್ರೆ ಉತ್ತರ ಬರೋ ರೀತಿನೇ ಬೇರೆ ಆಗುತ್ತೆ. ಅದಕ್ಕೂ ಬಗ್ಗದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್, ಅಂದ್ರೆ ಬ್ಯಾಂಕುಗಳ ಮೇಲಿನ ದೂರು ಕೇಳೋ ಅಧಿಕಾರಿ, ಆನ್‌ಲೈನಲ್ಲಿ ಕಂಪ್ಲೇಂಟ್ ಹಾಕ್ಬಹುದು, ಅದೂ ಫ್ರೀ. 2022ರ ಸೆಪ್ಟೆಂಬರಿಂದ ಕ್ರೆಡಿಟ್ ಕಂಪನಿಗಳೂ ಅದರ ಕೆಳಗೇ ಬರ್ತಾವೆ. ಸಾಲ ಕೊಟ್ಟಿದ್ದು ಹೌಸಿಂಗ್ ಫೈನಾನ್ಸ್ ಕಂಪನಿ ಆಗಿದ್ರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್‌ನಲ್ಲಿ ಕಂಪ್ಲೇಂಟ್ ಮಾಡಿ.

ನಮ್ ಭಾವಮೈದ ಕೊನೆಗೂ ಡಿಸ್‌ಪ್ಯೂಟ್ ಹಾಕ್ದಾಗ ಇಪ್ಪತ್ತಮೂರು ದಿನಕ್ಕೆ ಆ ಟೂವೀಲರ್ ಲೋನ್ ಹೋಯ್ತು. ಎಂಟು ತಿಂಗಳು ಕಾಯ್ದಿದ್ದು ನೀರಲ್ಲಿ ಹೋಮ. ಬೇರೆಯವರ ಸಾಲ ನಿಮ್ ಹೆಸರಲ್ಲಿ ಬರೋಕೆ ಕಾರಣ ಹೆಸರು, ಹುಟ್ಟಿದ ದಿನ ಹೊಂದಿದ್ದಷ್ಟೇನಾ ಅಥವಾ ನಿಮ್ ಪ್ಯಾನ್ ಇಟ್ಕೊಂಡು ಯಾರೋ ಬೇಕಂತಲೇ ಸಾಲ ಎತ್ತಿದಾರಾ ಅನ್ನೋದು ನೋಡಿ, ಎರಡನೇದಾಗಿದ್ರೆ ಡಿಸ್‌ಪ್ಯೂಟ್ ಜೊತೆ ಪೊಲೀಸ್ ಕಂಪ್ಲೇಂಟೂ ಬೇಕು, ಅದರ ಕಾಪಿ ಇಲ್ದೆ ಸಾಲ ಕೊಟ್ಟೋರು ಅಲುಗಾಡಲ್ಲ.

ನಿಜಾನೇ ಆಗಿದ್ರೆ: ಪೂರ್ತಿ ಕಟ್ಟೋದಾ, ಸೆಟಲ್‌ಮೆಂಟಾ

ರಿಕವರಿ ಏಜೆಂಟ್ ಫೋನ್ ಮಾಡಿ "ಸಾರ್ 60 ಸಾವಿರ ಇದೆ, 25ಕ್ಕೆ ಮುಗ್ಸಿಬಿಡೋಣ" ಅಂದಾಗ ಖುಷಿ ಆಗುತ್ತೆ. ಉಳಿಯೋದು 35 ಸಾವಿರ. ಆದ್ರೆ ರಿಪೋರ್ಟ್‌ನಲ್ಲಿ ಅದು "ಸೆಟಲ್ಡ್" ಅಂತ ಬೀಳುತ್ತೆ, ಅಂದ್ರೆ ಈ ಮನುಷ್ಯ ಪೂರ್ತಿ ಕಟ್ಟಿಲ್ಲ, ಬ್ಯಾಂಕೇ ಸೋತು ಬಿಟ್ಕೊಟ್ಟಿದೆ ಅಂತ ಮುಂದಿನ ಬ್ಯಾಂಕಿನೋರು ಓದ್ಕೋತಾರೆ. ಹೋಮ್ ಲೋನ್ ತಗೋಬೇಕು ಅನ್ನೋ ಆಸೆ ಇರೋರು ಸೆಟಲ್‌ಮೆಂಟ್ ಮಾಡ್ಕೊಳ್ಳೋದು ನನ್ ಲೆಕ್ಕದಲ್ಲಿ ಅತೀ ದುಬಾರಿ ಡಿಸ್ಕೌಂಟು. ಕೈಯಲ್ಲಿ ನಿಜವಾಗ್ಲೂ ದುಡ್ಡಿಲ್ಲ, ಕೆಲಸ ಹೋಗಿದೆ, ಮನೆ ಕನಸು ಸದ್ಯಕ್ಕಿಲ್ಲ ಅಂದ್ರೆ ಆ ಮಾತು ಬೇರೆ, ಆವಾಗ ಸೆಟಲ್‌ಮೆಂಟೇ ಸರಿ.

ಪೂರ್ತಿ ಕಟ್ಟೋರು ಚೌಕಾಸಿ ಮಾಡಬಾರ್ದು ಅಂತಲ್ಲ. ನಾನು ಬ್ಯಾಂಕಿಗೆ ಬರೆದಿದ್ದು ಹೀಗೆ: ಕಾರ್ಡ್ ಒಂದ್ ಸಲಾನೂ ಬಳಸಿಲ್ಲ, ಲೇಟ್ ಫೀ ಮತ್ತು ಬಡ್ಡಿ ನೀವಾಗೇ ರಿವರ್ಸ್ ಮಾಡಿ, ಉಳಿದ ಬಾಕಿ ಪೂರ್ತಿ ಕಟ್ತೀನಿ, ಆದ್ರೆ ಅಕೌಂಟ್ "ಕ್ಲೋಸ್ಡ್" ಅಂತಲೇ ರಿಪೋರ್ಟ್ ಆಗ್ಬೇಕು, "ಸೆಟಲ್ಡ್" ಅಂತ ಅಲ್ಲ. ಅರ್ಧ ರಿವರ್ಸ್ ಮಾಡಿದ್ರು. ಈ ಮಾತು ಈಮೇಲ್‌ನಲ್ಲಿ ಬರೋವರೆಗೂ ದುಡ್ಡು ಕಟ್ಟಬೇಡಿ, ಏಜೆಂಟ್ ಬಾಯಿಮಾತಿಗೆ ಬೆಲೆ ಇಲ್ಲ. ಕಟ್ಟಿದ್ಮೇಲೆ ನೋ ಡ್ಯೂಸ್ ಲೆಟರ್ ತಗೊಳ್ಳಿ, ಪಿಡಿಎಫ್ ಮೂರು ಕಡೆ ಇಟ್ಕೊಳ್ಳಿ. ಮೊದಲೇ ಸೆಟಲ್ ಆಗಿಹೋಗಿದ್ರೂ ದಾರಿ ಮುಚ್ಚಿಲ್ಲ, ಬಿಟ್ಟಿದ್ದ ಮೊತ್ತ ಕಟ್ತೀನಿ, ಕ್ಲೋಸ್ಡ್ ಮಾಡಿ ಅಂತ ಕೇಳ್ಬಹುದು, ಬ್ಯಾಂಕ್ ಒಪ್ಪಿದ್ರೆ ಆಗುತ್ತೆ.

ಮೊದ್ಲೆಲ್ಲಾ ತಿಂಗಳಿಗೊಂದ್ ಸಲ ಕಳಿಸ್ತಿದ್ದ ಮಾಹಿತಿನ ಬ್ಯಾಂಕುಗಳು ಜನವರಿ 2025ರಿಂದ ಹದಿನೈದು ದಿನಕ್ಕೊಂದ್ ಸಲವಾದ್ರೂ ಕಳಿಸ್ಬೇಕು, ಹಂಗಾಗಿ ಕಟ್ಟಿದ್ದು ಬೇಗ ಕಾಣ್ಸುತ್ತೆ. ನನ್ ಬಾಕಿ ಸೊನ್ನೆ ಆಗಿದ್ದು, ಅಕೌಂಟ್ ಮುಚ್ಚಿದೆ ಅಂತ ಬಂದಿದ್ದು ಒಂದೇ ತಿಂಗಳಲ್ಲಿ. ಹಳೇ ತಿಂಗಳುಗಳ ಕಲೆ ಮಾತ್ರ ಹಂಗೇ ಉಳೀತು, ಅದು ದುಡ್ಡಿಗೆ ಹೋಗಲ್ಲ, ದಿನ ಕಳೀಬೇಕು.

ಅದೇ ಬ್ಯಾಂಕಿಗೆ ವಾಪಸ್ ಹೋಗೋದು

ಇದನ್ನ ಯಾರೂ ಯೋಚ್ನೆನೇ ಮಾಡಲ್ಲ, ರಿಜೆಕ್ಟ್ ಅಂದ ತಕ್ಷಣ ಅವಮಾನ ಆದಂಗೆ ಎದ್ದು ಬರ್ತೀವಿ. ಆದ್ರೆ ಕಾರಣ "ಆದಾಯ ಸಾಲಲ್ಲ" ಅಂತ ಇದ್ರೆ ಇದೇ ಎಲ್ಲಕ್ಕಿಂತ ಸುಲಭದ ದಾರಿ. ಲೆಕ್ಕ ನೋಡಿ. ಕೈಗೆ ಬರೋ ಸಂಬಳ 80 ಸಾವಿರ, ಅದರಲ್ಲಿ ಅರ್ಧ ಎಲ್ಲಾ ಕಂತುಗಳಿಗೂ ಸೇರಿ ಹೋಗ್ಬಹುದು ಅಂತ ಬ್ಯಾಂಕ್ ಇಟ್ಕೊಂಡಿದೆ ಅನ್ಕೊಳ್ಳಿ, 40 ಸಾವಿರ. ಕಾರ್ ಲೋನ್ ಕಂತು 15 ಸಾವಿರ ಹೋದ್ರೆ ಉಳಿಯೋದು 25 ಸಾವಿರ. 8.5 ಪರ್ಸೆಂಟ್ ಬಡ್ಡಿ, 20 ವರ್ಷ ಅಂದ್ರೆ ಲಕ್ಷಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ, ಅಂದ್ರೆ 25 ಸಾವಿರಕ್ಕೆ ಸಿಗೋದು 29 ಲಕ್ಷದ ಆಸುಪಾಸು. ಆ ಕಾರ್ ಲೋನ್‌ನಲ್ಲಿ ಒಂದೂವರೆ ಲಕ್ಷ ಬಾಕಿ ಇದೆ, ಅದನ್ನ ಹೆಂಗೋ ಕಟ್ಟಿ ಮುಗಿಸಿದ್ರೆ? 40 ಸಾವಿರ ಪೂರ್ತಿ ಸಿಗುತ್ತೆ, 46 ಲಕ್ಷ. ಒಂದೂವರೆ ಲಕ್ಷ ಕಟ್ಟಿದ್ದಕ್ಕೆ ಹದಿನೇಳು ಲಕ್ಷ ಎಲಿಜಿಬಿಲಿಟಿ ಏರ್ತು. ಚೀಟಿ ಎತ್ತಿದ ದುಡ್ಡೋ, ಎಫ್‌ಡಿನೋ ಇದ್ರೆ ಡೌನ್ ಪೇಮೆಂಟಿಗೆ ಹಾಕೋ ಮುಂಚೆ ಈ ಲೆಕ್ಕ ಮಾಡಿ.

ಹೆಂಡ್ತಿನೋ ಗಂಡನ್ನೋ ಕೋ ಅಪ್ಲಿಕೆಂಟ್ ಮಾಡಿದ್ರೂ ಆದಾಯ ಕೂಡುತ್ತೆ, ಆದ್ರೆ ಅವರ ರಿಪೋರ್ಟ್ ಕೂಡ ಕೂಡುತ್ತೆ, ಅವರ ಹಳೇ ಕಾರ್ಡ್ ಒಂದು ಎಲ್ಲೋ ಬಾಕಿ ಇದ್ರೆ ಸರಿ ಇದ್ದಿದ್ದೂ ಕೆಡುತ್ತೆ. ಸಾಲದ ಮೊತ್ತ ಇಳಿಸೋದು ಇನ್ನೊಂದು ದಾರಿ. ಮನೆ ಬೆಲೆಯಲ್ಲಿ ಎಷ್ಟು ಪಾಲು ಸಾಲ ಕೊಡ್ಬಹುದು ಅನ್ನೋದಕ್ಕೆ ಆರ್‌ಬಿಐ ಮಿತಿ ಇದೆ, 30 ಲಕ್ಷದವರೆಗೆ 90 ಪರ್ಸೆಂಟ್, 30ರಿಂದ 75 ಲಕ್ಷಕ್ಕೆ 80, ಅದಕ್ಕೂ ಮೇಲೆ 75. ಇದು ಮೇಲಿನ ಗೆರೆ ಮಾತ್ರ, ಸ್ಕೋರ್ ಸುಮಾರಾಗಿರೋನು ಆ ಗೆರೆವರೆಗೂ ಕೇಳಿದ್ರೆ ಬೇಡ ಅಂತಾರೆ, ಸ್ವಲ್ಪ ಕಮ್ಮಿ ಕೇಳಿದ್ರೆ ಮ್ಯಾನೇಜರ್‌ಗೂ ಫೈಲ್ ಮೇಲೆ ಕಳ್ಸೋಕೆ ಧೈರ್ಯ ಬರುತ್ತೆ.

ಬೇರೆ ಬ್ಯಾಂಕಾ, ಎನ್‌ಬಿಎಫ್‌ಸಿನಾ

ಬೇರೆ ಬ್ಯಾಂಕ್ ಅಂದ್ರೆ ನಿಮ್ ಸಂಬಳ ಬೀಳೋ ಬ್ಯಾಂಕು ಮೊದ್ಲು. ಅಪ್ಲೈ ಮಾಡೋಕೆ ಮುಂಚೆನೇ ರಿಪೋರ್ಟ್ ಪ್ರಿಂಟ್ ತಗೊಂಡು ಹೋಗಿ ಮ್ಯಾನೇಜರ್ ಮುಂದೆ ಇಟ್ಟು "ಸಾರ್ ಇಲ್ಲೊಂದು ತೊಂದರೆ ಇದೆ, ಇದು ಹಿಂಗಾಗಿದ್ದು, ಇದರ ನೋ ಡ್ಯೂಸ್ ಇಲ್ಲಿದೆ, ನಿಮ್ಮಲ್ಲಿ ಆಗುತ್ತಾ" ಅಂತ ಬಾಯಲ್ಲೇ ಕೇಳಿ. ಆಗಲ್ಲ ಅಂದ್ರೆ ಎನ್‌ಕ್ವೈರಿ ಬೀಳ್ದೇ ವಾಪಸ್ ಬರ್ತೀರ.

ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಫೈನಾನ್ಸ್ ಕಂಪನಿಗಳು), ಹೌಸಿಂಗ್ ಫೈನಾನ್ಸ್‌ನೋರು ಸ್ವಲ್ಪ ಕಮ್ಮಿ ಸ್ಕೋರಿಗೂ ಕೊಡ್ತಾರೆ, ಬಡ್ಡಿ ಜಾಸ್ತಿ. 40 ಲಕ್ಷ, 20 ವರ್ಷಕ್ಕೆ 8.5 ಪರ್ಸೆಂಟ್ ಆದ್ರೆ ಕಂತು 34,700 ಚಿಲ್ಲರೆ, 11 ಪರ್ಸೆಂಟ್ ಆದ್ರೆ 41,300. ತಿಂಗಳಿಗೆ 6,600 ವ್ಯತ್ಯಾಸ, ವರ್ಷಕ್ಕೆ 79 ಸಾವಿರ. "ಈಗ ತಗೊಳ್ಳಿ ಸಾರ್, ಒಂದ್ ವರ್ಷ ಆದ್ಮೇಲೆ ಬ್ಯಾಂಕಿಗೆ ಟ್ರಾನ್ಸ್‌ಫರ್ ಮಾಡ್ಕೊಳ್ಳಿ" ಅಂತ ಏಜೆಂಟ್ ಹೇಳೋದು ಪೂರ್ತಿ ಸುಳ್ಳಲ್ಲ, ಫ್ಲೋಟಿಂಗ್ ರೇಟ್ (ಬಡ್ಡಿ ಏರಿಳಿಯೋ) ಹೋಮ್ ಲೋನನ್ನ ವ್ಯಕ್ತಿಗಳು ಮುಂಚೆ ತೀರಿಸಿದ್ರೆ ದಂಡ ಹಾಕೋ ಹಂಗಿಲ್ಲ. ಆದ್ರೆ ಫಿಕ್ಸೆಡ್ ರೇಟ್ ಅಂತ ಸಣ್ಣಕ್ಷರದಲ್ಲಿ ಇದ್ರೆ ಕತೆ ಬೇರೆ. ಹೊಸ ಬ್ಯಾಂಕಲ್ಲಿ ಪ್ರೋಸೆಸಿಂಗ್ ಫೀ, ಲೀಗಲ್, ವ್ಯಾಲ್ಯೂಯೇಷನ್, ಪತ್ರ ಅಡ ಇಡೋ ಖರ್ಚು ಎಲ್ಲಾ ಇನ್ನೊಂದ್ ಸಲ, ಜೊತೆಗೆ ಆ ಒಂದ್ ವರ್ಷ ಒಂದೇ ಒಂದು ಕಂತೂ ಬೌನ್ಸ್ ಆಗಿರ್ಬಾರ್ದು. ಇನ್ನೊಂದು ವಿಷಯ, 2019ರ ಅಕ್ಟೋಬರಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಹೋಮ್ ಲೋನು ರೆಪೋ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ದರ) ಥರದ ಹೊರಗಿನ ದರಕ್ಕೆ ಕಟ್ಟಿರ್ಬೇಕು, ರೆಪೋ ಇಳಿದ್ರೆ ಬಡ್ಡಿನೂ ಇಳಿಯುತ್ತೆ, ಎನ್‌ಬಿಎಫ್‌ಸಿಗಳಿಗೆ ಆ ಕಟ್ಟುಪಾಡಿಲ್ಲ, ಅವ್ರದ್ದೇ ದರ, ಅವ್ರು ಇಳಿಸಿದಾಗ ಇಳೀತು.

ಹಂಗಾದ್ರೆ ಎನ್‌ಬಿಎಫ್‌ಸಿ ಯಾರಿಗೆ? ಅಗ್ರಿಮೆಂಟ್ ಗಡುವು ಎರಡು ತಿಂಗಳಿದೆ, ಅಡ್ವಾನ್ಸ್ ಐದು ಲಕ್ಷ ಸಿಕ್ಕಾಕೊಂಡಿದೆ ಅನ್ನೋರಿಗೆ. ಐದು ಲಕ್ಷ ಕಳ್ಕೊಳ್ಳೋದಕ್ಕಿಂತ ವರ್ಷಕ್ಕೆ 79 ಸಾವಿರ ಜಾಸ್ತಿ ಕಟ್ಟೋದೇ ವಾಸಿ. ಅಡ್ವಾನ್ಸೇ ಕೊಟ್ಟಿಲ್ಲ, ಬರೀ ಮನೆ ಇಷ್ಟ ಆಗಿದೆ ಅಷ್ಟೇ ಅಂದ್ರೆ ನಾನಂತೂ ಹೋಗಲ್ಲ.

ಕಾಯೋದು

ಬೋರು ಹೊಡ್ಸೋ ದಾರಿ, ನಾನು ಕೊನೆಗೆ ಹಿಡಿದಿದ್ದು ಇದೇ. ಮಾರೋರು ಒಳ್ಳೆಯವ್ರು, ಅಡ್ವಾನ್ಸ್‌ನಲ್ಲಿ ಸ್ವಲ್ಪ ಹಿಡ್ಕೊಂಡು ಉಳಿದಿದ್ದು ವಾಪಸ್ ಕೊಟ್ರು. ಹನ್ನೊಂದು ತಿಂಗಳು ಹೊಸ ಸಾಲಕ್ಕೆ ಎಲ್ಲೂ ಕೈ ಹಾಕ್ಲಿಲ್ಲ, ಇದ್ದ ಇನ್ನೊಂದು ಕಾರ್ಡಿನಲ್ಲಿ ಲಿಮಿಟ್ಟಿನ ಕಾಲುಭಾಗಕ್ಕಿಂತ ಜಾಸ್ತಿ ಬಳಸ್ಲಿಲ್ಲ, ಮಿನಿಮಮ್ ಡ್ಯೂ ಅಲ್ಲ ಪೂರ್ತಿ ಬಿಲ್ಲು ಆಟೋ ಡೆಬಿಟ್ ಹಾಕ್ದೆ. 300ರಿಂದ 900ರವರೆಗಿನ ಆ ಅಳತೆಯಲ್ಲಿ ನನ್ದು 641ರಿಂದ 748ಕ್ಕೆ ಬಂತು. ನಿಮ್ದೂ ಅಷ್ಟೇ ಏರುತ್ತೆ ಅಂತಲ್ಲ, ಕಲೆ ಎಷ್ಟು ಹಳೇದು, ಎಷ್ಟು ದೊಡ್ಡದು ಅನ್ನೋದರ ಮೇಲೆ. ಹಳೇ ಕಾರ್ಡ್ ಕ್ಲೋಸ್ ಮಾಡಿದ್ರೆ ಸ್ಕೋರ್ ಏರುತ್ತೆ ಅಂತ ಕೆಲವ್ರು ಹೇಳ್ತಾರೆ, ಉಲ್ಟಾ, ಫೀ ಇಲ್ದೇ ಇರೋ ಹಳೇ ಕಾರ್ಡ್ ಇದ್ರೆ ಇಟ್ಕೊಳ್ಳಿ.

ಸಾಲಾನೇ ಮಾಡ್ದೇ ಇರೋರದ್ದು ಬೇರೆ ಗೋಳು. ಸ್ಕೋರೇ ಇಲ್ಲ, ಮೈನಸ್ ಒಂದು ಅಂತ ಬರುತ್ತೆ. ಹಿಸ್ಟರಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳೋರನ್ನ ರಿಜೆಕ್ಟ್ ಮಾಡ್ಬಾರ್ದು ಅಂತ ಆರ್‌ಬಿಐ ಜನವರಿ 2025ರಲ್ಲಿ ಹೇಳಿದೆ, ಇದನ್ನ ಬ್ರಾಂಚಲ್ಲಿ ಹೇಳಿ ನೋಡಿ. ಜೊತೆಗೆ ಎಫ್‌ಡಿ ಮೇಲೆ ಕೊಡೋ ಕ್ರೆಡಿಟ್ ಕಾರ್ಡ್ ಒಂದು ತಗೊಂಡು ಆರು ತಿಂಗಳು ಸರಿಯಾಗಿ ಕಟ್ಟಿದ್ರೆ ರಿಪೋರ್ಟ್‌ನಲ್ಲಿ ಏನೋ ಒಂದು ಹುಟ್ಟುತ್ತೆ. ಸ್ಕೋರ್ ಬಿದ್ದಿರೋರಿಗೂ ಈ ಕಾರ್ಡ್ ಸಿಗುತ್ತೆ, ಯಾಕಂದ್ರೆ ಅಡ ಇರೋದು ನಿಮ್ದೇ ದುಡ್ಡು.

"ಸಿಬಿಲ್ ಕ್ಲಿಯರ್ ಮಾಡ್ಕೊಡ್ತೀವಿ"

ಲೈಟ್ ಕಂಬಕ್ಕೆ ಅಂಟ್ಸಿರ್ತಾರಲ್ಲ, ಅವ್ರು. ಅವ್ರು ಮಾಡೋದು ನೀವು ಫ್ರೀಯಾಗಿ ಹಾಕೋ ಅದೇ ಡಿಸ್‌ಪ್ಯೂಟು, ನಿಮ್ ಲಾಗಿನ್ನಿಂದ. ನಿಜವಾದ ಬಾಕಿನ ಅಳಿಸೋ ಮಂತ್ರ ಯಾರ ಹತ್ರಾನೂ ಇಲ್ಲ. ಆಧಾರ್, ಪ್ಯಾನ್, ಓಟಿಪಿ ಎಲ್ಲಾ ಅವ್ರ ಕೈಗೆ ಕೊಟ್ಟು ಬರೋದು ಬೇರೆ.

ಇನ್ನು ಯಾವ ದಾರಿ ಹಿಡಿದ್ರೂ ಮುಂದಿನ ಮನೆಗೆ ಅಗ್ರಿಮೆಂಟ್ ಬರೆಸುವಾಗ "ಬ್ಯಾಂಕ್ ಲೋನ್ ಮಂಜೂರಾಗದಿದ್ದರೆ ಮುಂಗಡ ಹಣ ಇಷ್ಟು ದಿನದೊಳಗೆ ವಾಪಸ್" ಅನ್ನೋ ಸಾಲು ಹಾಕ್ಸಿ. ಎರಡನೇ ಸಲ ನಾನು ಹಾಕ್ಸಿದಾಗ ಮಾರೋರು ಮುಖ ಸಿಂಡರಿಸಿದ್ರು, 60 ದಿನ ಕೇಳಿದ್ದೆ, 45ಕ್ಕೆ ಒಪ್ಪಿದ್ರು. ಲೋನ್ 38ನೇ ದಿನ ಸ್ಯಾಂಕ್ಷನ್ ಆಯ್ತು.